ಮೇಲ್ಭಾಗ ಯಾವುದು

ದೇವರ ಪಟಗಳಿಗೆ ಕಟ್ಟು ಹಾಕುವವನು ನಾನು, ಬಳೇಪೇಟೆಯಲ್ಲಿ.
ಎಡಗಡೆ ದೊಡ್ಡಸ್ವಾಮಣ್ಣನ ಹಾರ್ಮೋನಿಯಂ ರಿಪೇರಿ,
ನಡುವೆ ಒಂದೇ ಒಂದು ಹಲಗೆ ಗೋಡೆ.
ದೇವರಿಗೆ ಮೇಲು ಕೆಳಗು ಕೇಳಬೇಕಿಲ್ಲ,
ಪಾದ ಕೆಳಗೆ, ಕಿರೀಟ ಮೇಲೆ.
ತೀರಿಕೊಂಡವರದೂ ಅಷ್ಟೇ.
ಅಳತೆ ಹೇಳುವಾಗ ಮಕ್ಕಳ ದನಿ ಸಣ್ಣಗಾಗುತ್ತದೆ,
ಗಾಜು ಕೊಯ್ಯುತ್ತ ನಾನು ತಲೆ ಎತ್ತುವುದಿಲ್ಲ.

ಆಕೆ ಬಂದದ್ದು ಕುಕ್ ಟೌನಿನಿಂದ ಆಟೋದಲ್ಲಿ,
ತೊಡೆಯ ಮೇಲೊಂದು ಸೀರೆ ಡಬ್ಬ.
ಎಸ್ಮೆ ರೊಜಾರಿಯೊ. ರಸೀದಿಗೆ ಎರಡು ಸಲ ಕೇಳಿ ಬರೆದುಕೊಂಡೆ.
ಒಳಗೆ ಹನ್ನೊಂದು ಹಾಳೆ.
ಮುಖವಿಲ್ಲ, ಮರವಿಲ್ಲ, ಮನೆಯಿಲ್ಲ.
ನೀಲಿ.
ನೀಲಿಯ ಪಕ್ಕ ಹಸಿಗಾಯದಂಥ ಕೆಂಪು.
ಮತ್ತೆ ನೀಲಿ, ಒಗೆದೊಗೆದು ತೆಳ್ಳಗಾದದ್ದು.

"ನಮ್ಮ ಕ್ಲೆಮೆಂಟ್ ಮಾಡಿದ್ದು.
ಗಿರಣೀಲಿ ಬಣ್ಣ ಕಲೆಸೋ ಕೆಲಸ. ಶಿಫ್ಟ್ ಮುಗಿಸಿ ಬಂದು
ರೆಕಾರ್ಡ್ ಹಾಕೋನು, ನೆಲದ ಮೇಲೆ ಹಾಳೆ ಹರಡೋನು.
ಹಾಡು ಮುಗಿಯೋದ್ರೊಳಗೆ ಚಿತ್ರ ಮುಗೀಬೇಕು.
ಅದು ಅವನ ಕಾನೂನು."
ಹಿಂಬದಿಗೆ ಪೆನ್ಸಿಲ್ಲಿನಲ್ಲಿ:
ಎರಡು ನಿಮಿಷ ನಲವತ್ತೆಂಟು ಸೆಕೆಂಡು.
ಮೂರು ನಿಮಿಷ ಆರು.
ಹಾಡಿನ ಹೆಸರಿಲ್ಲ. ಹೆಸರು ಆಕೆಗೆ ಬಾಯಿಪಾಠ.
ಎಂಥ ಹಾಡಮ್ಮ, ಅಂದೆ.
"ರಿದಮ್ ಅಂಡ್ ಬ್ಲೂಸ್."
ನೀಲಿಗೂ ಬಹುವಚನ ಉಂಟೆಂದು ತಿಳಿದದ್ದು ಅವತ್ತೇ.

ಹತ್ತು ಹಾಳೆಗೆ ಬಾಣದ ಗುರುತಿತ್ತು, ಇದು ಮೇಲೆ ಎಂದು.
ಹನ್ನೊಂದನೆಯದಕ್ಕಿಲ್ಲ.
ಅಂಚಿಗೆ ಯಾವ ಕಾಲದ್ದೋ ಗೋಂದು ಕಾಗದ ಮೆತ್ತಿತ್ತು, ಅಷ್ಟೇ.
ಆಕೆ ಹಾಳೆ ತಿರುಗಿಸಿದರು. ಮತ್ತೆ ತಿರುಗಿಸಿದರು.
ಆಮೇಲೆ ಕಣ್ಣು ಮುಚ್ಚಿ, ನನ್ನ ಸ್ಟೂಲಿನ ಮೇಲೆ ಕೂತು,
ತುಟಿ ಬಿಚ್ಚದೆ ಗುನುಗತೊಡಗಿದರು.
ಶುಂಠಿ ಒಣಗಿದಂಥ ದನಿ.
ಹಲಗೆಯಾಚೆ ದೊಡ್ಡಸ್ವಾಮಣ್ಣನ ಉಜ್ಜುವ ಸದ್ದು ನಿಂತಿತು.
ತಡಕಿದ, ಒಂದು ಮನೆ ತಪ್ಪಿದ, ಸಿಕ್ಕಿತು,
ಆಕೆಯ ಶ್ರುತಿಯನ್ನು ಹಾಗೇ ಹಿಡಿದುಕೊಂಡ.

ನಾನು ಮೇಜಿಗೆ ಬೆರಳು ಬಡಿದೆ.
"ಅಲ್ಲಲ್ಲ," ಅಂದರು ಕಣ್ಣು ತೆರೆಯದೆ.
"ಎರಡಕ್ಕೆ ಹೊಡಿ. ನಾಲ್ಕಕ್ಕೆ ಹೊಡಿ.
ಒಂದನ್ನ ಬಿಟ್ಬಿಡು, ಅದು ಅದರ ಪಾಡಿಗೆ ಹೋಗುತ್ತೆ."
ನಮ್ಮ ಶನಿವಾರದ ಭಜನೆಯಲ್ಲಿ ಒಂದೇ ಯಜಮಾನ,
ಒಂದಕ್ಕೆ ಬೀಳದ ಕೈ ಹೊಸಬನದು.
ಇಲ್ಲಿ ಒಂದರ ಮೇಲೆ ಯಾರೂ ಕೂರುವುದಿಲ್ಲ.

ಆ ರಾತ್ರಿ ಬಾಯಲ್ಲಿ ಮೊಳೆ ಕಚ್ಚಿಕೊಂಡು
ಎರಡಕ್ಕೆ, ನಾಲ್ಕಕ್ಕೆ ಸುತ್ತಿಗೆ ಹಾಕಿದೆ.
ಕಪ್ಪು ಬೀಡಿಂಗ್. ಚಿನ್ನದ ಬಣ್ಣ ಬೇಡವೆಂದಿದ್ದರು,
ಕ್ಲೆಮೆಂಟ್ ನಗ್ತಾನೆ ಎಂದು.
ಹನ್ನೊಂದನೆಯದಕ್ಕೆ ನಾನೇ ತೀರ್ಮಾನಿಸಿದೆ:
ಗಾಢವಾದದ್ದು ಭಾರ, ಭಾರವಾದದ್ದು ಕೆಳಗೆ.
ಆಕೆ ನೋಡಿ, ಹ್ಞೂಂ ಅಂದರು.

ಅವರ ಬೀದಿಯ ಅಡಿಯಲ್ಲಿ ಮೆಟ್ರೋದವರು ಸುರಂಗ ಕೊರೆಯುವಾಗ
ಲೋಟಗಳು ತಾವಾಗಿ ನಡೆದವಂತೆ.
ಹತ್ತು ಚಿತ್ರ ತಡೆದವು. ಒಂದು ಬಿತ್ತು.
ಅದೇ ಸೀರೆ ಡಬ್ಬದಲ್ಲಿ ಚೂರುಗಳ ಸಮೇತ ಬಂತು.
ಕಟ್ಟು ಬಿಚ್ಚಿದೆ.
ಬಿದ್ದ ಪೆಟ್ಟಿಗೆ ಗೋಂದು ಕಾಗದ ಎದ್ದು ಬಂದಿತ್ತು,
ಅದರಡಿ ಬಾಣ.
ನಾನು ಕೆಳಗೆ ಮಾಡಿದ್ದ ಕಡೆಗೇ ಮೂತಿ.

ಮೂವತ್ತೊಂದು ವರ್ಷ, ಯಾವ ದೇವರನ್ನೂ ತಲೆಕೆಳಗು ಮಾಡಿದವನಲ್ಲ.
ತಪ್ಪಾಯ್ತಮ್ಮ, ಅಂದೆ.
"ಗೊತ್ತಿತ್ತು. ಗೋಡೆಗೆ ಹಾಕಿದ ದಿನವೇ."
ಮತ್ತೆ ಹೇಳಲಿಲ್ಲ?
ಆಕೆ ಗಾಜಿನ ಪುಡಿಯನ್ನು ಬೆರಳತುದಿಯಿಂದ ಹುಷಾರಾಗಿ ಒತ್ತಿ ಒತ್ತಿ ತೆಗೆಯುತ್ತಿದ್ದರು.
"ನಲವತ್ತು ವರ್ಷ ಒಂದು ಕಡೆಯಿಂದ ಕೇಳಿದ್ದೆ.
ಈ ಆರು ತಿಂಗಳು, ಇನ್ನೊಂದು ಕಡೆಯಿಂದ."

ಹಲಗೆಯಾಚೆ ಯಾರದೋ ಪೆಟ್ಟಿಗೆ ಉಸಿರು ಎಳೆದುಕೊಂಡಿತು.
ನಾನು ಕನ್ನಡಕ ಒರೆಸಿಕೊಂಡು ರಸೀದಿ ಬರೆದೆ:
ಗಾಜು ಒಂದು.
ಕೊಂಡಿ ಎರಡು, ಮೇಲಕ್ಕೊಂದು, ಕೆಳಕ್ಕೊಂದು.